ಕಫದಲ್ಲಿ ಕಂಡ ಕೆಂಪು ಕಡ್ಡಿಗಳೆಲ್ಲ ಟಿಬಿಯಲ್ಲ

ಸಿರುಗುಪ್ಪ ಕಡೆಯ ಹಳ್ಳಿಯಿಂದ ಬಂದ ಮಗ ತಾಯಿಯನ್ನು ಬೆಂಚಿನ ಮೇಲೆ ಕೂರಿಸಿ, ಅಕ್ಕಿ ಚೀಲದಿಂದ ಎಕ್ಸ್‌ರೇ ಫಿಲ್ಮುಗಳನ್ನು ಒಂದೊಂದಾಗಿ ತೆಗೆದು ನನ್ನ ಮೇಜಿನ ಮೇಲೆ ಇಟ್ಟ. 11 ಫಿಲ್ಮು, 3 ಫೈಲು. ತಾಯಿಗೆ 62 ವರ್ಷ, ತೂಕ 38 ಕಿಲೊ. 13 ವರ್ಷಗಳ ಹಿಂದೆ ಟಿಬಿ ಬಂದು, ಪೂರ್ತಿ ಚಿಕಿತ್ಸೆ ಪಡೆದು ಗುಣವಾಗಿದ್ದರು. ಮತ್ತೆ ಕೆಮ್ಮು ಹಿಡಿದಾಗ ಕಫ ಪರೀಕ್ಷೆ ಪಾಸಿಟಿವ್ ಬಂತು, ಮತ್ತೆ ಟಿಬಿ ಗುಳಿಗೆ ಶುರುವಾಯಿತು. ಗುಳಿಗೆ ಮುಗಿದ ಮೇಲೂ ಕಫ ಪಾಸಿಟಿವ್ ಆಗಿಯೇ ಉಳಿದಿತ್ತು. ಔಷಧಕ್ಕೆ ಬಗ್ಗದ ಟಿಬಿ ಇರಬೇಕು ಎಂದು ಯಾರೋ ಹೇಳಿದ್ದರು. ನಾನು ಮೂರೂ ಫೈಲುಗಳನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ತಿರುವಿದೆ. ಆ ತಾಯಿಯ ಎದೆಯೊಳಗೆ ಇರುವ ಕ್ರಿಮಿಯ ಹೆಸರೇನು ಎಂಬುದು ಒಂದು ಹಾಳೆಯಲ್ಲೂ ಇರಲಿಲ್ಲ.

"ಅವ್ವನ ತಟ್ಟೆ, ಲೋಟ ಬೇರೆ ಇಟ್ಟಿದ್ದೇವೆ ಮೇಡಮ್. ಮಗುವನ್ನು ಹತ್ತಿರ ಬಿಡುವುದಿಲ್ಲ" ಎಂದ ಮಗ. ತಾಯಿ ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

ಬಳ್ಳಾರಿಯಲ್ಲಿ ಎದೆರೋಗದ ವೈದ್ಯೆಯಾಗಿ ಕೆಲಸ ಮಾಡುವ ನನ್ನ ಮುಂದೆ ಇಂಥ ಚೀಲಗಳು ವರ್ಷಕ್ಕೆ ಕೆಲವು ಬರುತ್ತವೆ. ಟಿಬಿಯಂತೆಯೇ ಕಾಣುವ, ಆದರೆ ಟಿಬಿಯಲ್ಲದ ಎನ್‌ಟಿಎಂ ಎಂಬ ಈ ರೋಗ ಅಪರೂಪದ್ದು, ಆದರೆ ಬಂದವರೆಲ್ಲರ ಕತೆಯೂ ಹೆಚ್ಚುಕಡಿಮೆ ಇದೇ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ರೋಗಿಯ ಮನೆಯವರು ಓದಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ಕುಳಿತು ನಿರ್ಧಾರ ತೆಗೆದುಕೊಳ್ಳಬೇಕಾದ ಕಿರಿಯ ವೈದ್ಯರೂ ಓದಲಿ. ನಾನು ಕೇಳಿಕೊಳ್ಳುವುದು ಒಂದನ್ನೇ: ಗುಳಿಗೆಯ ಚೀಟಿ ಬರೆಯುವ ಮೊದಲು ಕ್ರಿಮಿಯ ಹೆಸರು ಕೇಳಿ.

ಈ ಕ್ರಿಮಿಗಳು ಎಲ್ಲಿಂದ ಬರುತ್ತವೆ

ಟಿಬಿಯ ಕ್ರಿಮಿಯನ್ನು ಕಂಡುಹಿಡಿದ ಸುದ್ದಿಯನ್ನು ರಾಬರ್ಟ್ ಕಾಕ್ ಪ್ರಕಟಿಸಿದ್ದು 1882ರ ಮಾರ್ಚ್ 24ರಂದು. ಅದೇ ಕುಲದಲ್ಲಿ ಇಂದು 190ಕ್ಕೂ ಹೆಚ್ಚು ಪ್ರಭೇದಗಳಿವೆ. ಕ್ಷಯ ಮತ್ತು ಕುಷ್ಠವನ್ನು ತರುವವುಗಳನ್ನು ಬಿಟ್ಟು ಉಳಿದವನ್ನೆಲ್ಲ ಒಟ್ಟಾಗಿ ಎನ್‌ಟಿಎಂ ಎನ್ನುತ್ತೇವೆ, ಅಂದರೆ ಕ್ಷಯವಲ್ಲದ ಮೈಕೋಬ್ಯಾಕ್ಟೀರಿಯಾ. ಇವು ಮಣ್ಣಿನಲ್ಲಿವೆ, ಕಾಲುವೆಯ ನೀರಿನಲ್ಲಿವೆ, ನಲ್ಲಿಯ ಪೈಪಿನ ಒಳಗೋಡೆಗೆ ಅಂಟಿದ ಲೋಳೆಯಲ್ಲಿವೆ. ಇವುಗಳ ಹೊರಪದರ ಮೇಣದಂಥದ್ದು. ಆ ಮೇಣದಿಂದಾಗಿಯೇ ಕ್ಲೋರಿನ್‌ಗೆ ಇವು ಬೇಗ ಸಾಯುವುದಿಲ್ಲ. ಲ್ಯಾಬಿನಲ್ಲಿ ಕೆಂಪು ಬಣ್ಣ ಹಚ್ಚಿ ಆಮ್ಲದಲ್ಲಿ ತೊಳೆದರೂ ಆ ಮೇಣದಿಂದಾಗಿಯೇ ಬಣ್ಣ ಬಿಡುವುದಿಲ್ಲ. ಹೀಗಾಗಿ ಸೂಕ್ಷ್ಮದರ್ಶಕದ ಕೆಳಗೆ ನೀಲಿ ಹಿನ್ನೆಲೆಯಲ್ಲಿ ಕಾಣುವ ಕೆಂಪು ಕಡ್ಡಿ ಟಿಬಿಯದೋ ಇವುಗಳದೋ ಎಂದು ಎಷ್ಟು ಅನುಭವಿ ಟೆಕ್ನಿಶಿಯನ್ ಕೂಡ ಖಚಿತವಾಗಿ ಹೇಳಲಾರರು.

ಇವು ನಮ್ಮೆಲ್ಲರ ಉಸಿರಿನೊಳಗೆ ಹೋಗಿ ಬರುತ್ತಲೇ ಇರುತ್ತವೆ. ಆರೋಗ್ಯವಾಗಿರುವ ಶ್ವಾಸಕೋಶ ಇವುಗಳನ್ನು ಹೊರದಬ್ಬುತ್ತದೆ. ಹಳೆಯ ಟಿಬಿಯ ಗಾಯ ಉಳಿದವರು, ಶ್ವಾಸನಾಳಗಳು ಹಿಗ್ಗಿ ಕಫ ನಿಲ್ಲುವ ಬ್ರಾಂಕಿಯೆಕ್ಟಾಸಿಸ್ ಇರುವವರು, ಗಣಿಯ ಕಲ್ಲುಧೂಳಿನಿಂದ ಸಿಲಿಕೋಸಿಸ್ ಬಂದವರು, ಬೀಡಿಯಿಂದಲೋ ಒಲೆಯ ಹೊಗೆಯಿಂದಲೋ ದಮ್ಮು ಹಿಡಿದವರು, ಎಚ್‌ಐವಿ ಇರುವವರು, ಸ್ಟೀರಾಯ್ಡ್ ಅಥವಾ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ತೆಗೆದುಕೊಳ್ಳುವವರು, ಇವರಲ್ಲಿ ಕೆಲವರ ಎದೆಯಲ್ಲಿ ಮಾತ್ರ ನೆಲೆಯೂರುತ್ತವೆ. ಇಷ್ಟನ್ನು ಓದಿದರೆ ನಮ್ಮ ಸೀಮೆಗೆ ಈ ರೋಗ ಯಾಕೆ ಸಂಬಂಧಪಡುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಯಾವ ಹಿನ್ನೆಲೆಯೂ ಇಲ್ಲದ, ತೆಳ್ಳಗೆ ಎತ್ತರಕ್ಕಿರುವ, 50 ದಾಟಿದ ಹೆಂಗಸರಲ್ಲೂ ಇದು ಕಾಣಿಸಿಕೊಳ್ಳುವುದುಂಟು.

ಇನ್ನು ತಟ್ಟೆ ಲೋಟದ ಮಾತು. ಎನ್‌ಟಿಎಂ ಮನುಷ್ಯರಿಂದ ಮನುಷ್ಯರಿಗೆ ಟಿಬಿಯಂತೆ ಹರಡುವುದಿಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುರೋಗ ಇರುವವರ ನಡುವೆ ಅಬ್ಸೆಸಸ್ ಎಂಬ ಒಂದು ಪ್ರಭೇದ ಹರಡಿರಬಹುದೆಂಬ ಬಲವಾದ ಶಂಕೆ ಇದೆ, ಅಷ್ಟೇ. ಆದ್ದರಿಂದ ಟಿಬಿ ಇಲ್ಲವೆಂದು ಖಚಿತವಾದ ದಿನವೇ ಆ ತಟ್ಟೆಯನ್ನು ಉಳಿದ ತಟ್ಟೆಗಳ ಜೊತೆ ಸೇರಿಸಿ, ಮಗುವನ್ನು ಅಜ್ಜಿಯ ತೊಡೆಗೆ ಕೊಡಿ. ನಾನು ಇದನ್ನು ಚೀಟಿಯಲ್ಲೇ ಬರೆದು ಕೊಡುತ್ತೇನೆ. ಬಾಯಲ್ಲಿ ಹೇಳಿದರೆ ಮನೆಯಲ್ಲಿ ಯಾರಾದರೊಬ್ಬರು ನಂಬುವುದಿಲ್ಲ.

ಯಾವಾಗ ಅನುಮಾನ ಪಡಬೇಕು

ಕೆಮ್ಮು, ಕಫ, ಸುಸ್ತು, ತೂಕ ಇಳಿಯುವುದು, ಸಂಜೆಯ ಸಣ್ಣ ಜ್ವರ, ಕೆಲವೊಮ್ಮೆ ಕಫದಲ್ಲಿ ರಕ್ತ. ಲಕ್ಷಣಗಳಿಂದ ಟಿಬಿಯನ್ನೂ ಇದನ್ನೂ ಬೇರ್ಪಡಿಸಲಾಗದು. ಅನುಮಾನ ಹುಟ್ಟಬೇಕಾದದ್ದು ಕತೆಯಿಂದ. ಟಿಬಿ ಗುಳಿಗೆಯನ್ನು ತಪ್ಪದೆ ನುಂಗಿಯೂ ಕಫ ಪಾಸಿಟಿವ್ ಉಳಿದಿದೆಯೇ? ಸೂಕ್ಷ್ಮದರ್ಶಕದಲ್ಲಿ ಕಡ್ಡಿ ಕಂಡರೂ, ಕಫದಲ್ಲಿ ಟಿಬಿ ಕ್ರಿಮಿಯ ಡಿಎನ್ಎ ಹುಡುಕುವ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಯಂತ್ರ 'ಟಿಬಿ ಇಲ್ಲ' ಎಂದಿದೆಯೇ? ವರ್ಷಗಟ್ಟಲೆ ಕೆಮ್ಮು ಬಂದು ಹೋಗುತ್ತಾ, ಪ್ರತಿ ಸಲ ಮೂರು ದಿನದ ಅಜಿತ್ರೋಮೈಸಿನ್‌ಗೆ ಸ್ವಲ್ಪ ತಗ್ಗಿ ಮತ್ತೆ ಏರುತ್ತಿದೆಯೇ? ಈ ಮೂರರಲ್ಲಿ ಒಂದಿದ್ದರೂ ಕಲ್ಚರ್ ಕೇಳಿ, ಅಂದರೆ ಕಫದಲ್ಲಿರುವ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ನಮ್ಮ ದೇಶದಲ್ಲಿ ಕಫ ಪಾಸಿಟಿವ್ ಬಂದವರಲ್ಲಿ ಹೆಚ್ಚಿನವರಿಗೆ ಇರುವುದು ಟಿಬಿಯೇ. ಈ ಬರಹವನ್ನು ಓದಿ ಯಾರೂ ಟಿಬಿ ಗುಳಿಗೆಯನ್ನು ತಾವಾಗಿ ನಿಲ್ಲಿಸಬಾರದು. ನಿಲ್ಲಿಸುವ ತೀರ್ಮಾನ ವರದಿ ಕೈಯಲ್ಲಿ ಹಿಡಿದ ವೈದ್ಯರದ್ದು.

ಬೆಳಗಿನ ಕಫ

ಚಿಕಿತ್ಸೆಯ ಅರ್ಧ ಭಾಗ ಈ ಡಬ್ಬಿಯಲ್ಲಿದೆ ಎಂದು ನಾನು ನಂಬಿದ್ದೇನೆ, ಆದ್ದರಿಂದ ಇದನ್ನು ಹೇಳಲು ಸಮಯ ತೆಗೆದುಕೊಳ್ಳುತ್ತೇನೆ.

ಲ್ಯಾಬಿನವರು ಕೊಟ್ಟ, ತಿರುಪು ಮುಚ್ಚಳದ, ಅಗಲ ಬಾಯಿಯ ಡಬ್ಬಿಯನ್ನು ಬಳಸಿ. ಮನೆಯ ಡಬ್ಬಿಯನ್ನು ತೊಳೆದು ತರಬೇಡಿ. ತೊಳೆದ ನೀರಿನಲ್ಲೇ ಈ ಕ್ರಿಮಿಗಳಿರುತ್ತವೆ. ಹಿಂದಿನ ರಾತ್ರಿ ಚೆನ್ನಾಗಿ ನೀರು ಕುಡಿಯಿರಿ. ಬೆಳಿಗ್ಗೆ ಎದ್ದು, ಏನನ್ನೂ ತಿನ್ನುವ ಮೊದಲು, ಕುದಿಸಿ ಆರಿಸಿದ ನೀರಿನಿಂದ ಬಾಯಿ ಮುಕ್ಕಳಿಸಿ. ನಲ್ಲಿ ನೀರು, ಟ್ಯಾಂಕಿನ ನೀರು ಬೇಡ. ಟಿಬಿ ಕಫ ಪರೀಕ್ಷೆಗೆ ಈ ಮಾತನ್ನು ಯಾರೂ ಇಷ್ಟು ಒತ್ತಿ ಹೇಳುವುದಿಲ್ಲ, ಇಲ್ಲಿ ಮಾತ್ರ ಅದು ನಿರ್ಣಾಯಕ. ಕೆಲವು ದಿನಗಳಿಗೊಮ್ಮೆ ನೀರು ಬಿಡುವ, ಮನೆಮನೆಯಲ್ಲೂ ಸಂಪು ಟ್ಯಾಂಕು ತುಂಬಿಟ್ಟುಕೊಳ್ಳುವ ಊರು ನಮ್ಮದು. ಬಾಯಿ ಮುಕ್ಕಳಿಸಿದ ಟ್ಯಾಂಕಿನ ನೀರಿನ ಕ್ರಿಮಿ ಕಲ್ಚರಿನಲ್ಲಿ ಬೆಳೆದು, ಇಲ್ಲದ ರೋಗಕ್ಕೆ ಒಂದೂವರೆ ವರ್ಷ ಗುಳಿಗೆ ನುಂಗುವ ಪಾಡು ಯಾರಿಗೂ ಬರಬಾರದು.

ಅಂಗಳಕ್ಕೋ ಮಾಳಿಗೆಗೋ ಹೋಗಿ, ಬಯಲು ಗಾಳಿಯಲ್ಲಿ ಕುಳಿತುಕೊಳ್ಳಿ. ಎರಡು ಸಲ ಆಳವಾಗಿ ಉಸಿರೆಳೆದು, ಒಂದೆರಡು ಕ್ಷಣ ಹಿಡಿದು ಬಿಡಿ. ಮೂರನೆಯ ಉಸಿರಿಗೆ ಹೊಟ್ಟೆಯ ಆಳದಿಂದ ಕೆಮ್ಮಿ. ಬಾಯಲ್ಲಿ ಊರುವ ತೆಳು ಎಂಜಲು ಬೇಡ. ಎದೆಯಿಂದ ಬರುವ, ದಾರದಂತೆ ಎಳೆಯುವ ಗಟ್ಟಿ ಕಫ ಬೇಕು. 3ರಿಂದ 5 ಮಿಲಿ ಲೀಟರ್, ಎಂದರೆ ಸುಮಾರು ಒಂದು ಟೀ ಚಮಚ. ಮುಚ್ಚಳ ಬಿಗಿಮಾಡಿ, ಹೆಸರು ಮತ್ತು ತಾರೀಖನ್ನು ಡಬ್ಬಿಯ ಮೈಮೇಲೆ ಬರೆಯಿರಿ. ಮುಚ್ಚಳದ ಮೇಲೆ ಬರೆದರೆ ಲ್ಯಾಬಿನಲ್ಲಿ ಮುಚ್ಚಳ ಅದಲುಬದಲಾಗಬಹುದು.

ಆಮೇಲೆ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಆ ಡಬ್ಬಿ ಬಸ್ಸಿನ ಕಿಟಕಿಯ ಪಕ್ಕ ಎರಡು ಗಂಟೆ ಬೆಂದರೆ ಬಾಯಿಯ ಸಾಮಾನ್ಯ ಬ್ಯಾಕ್ಟೀರಿಯಾ ಬೆಳೆದು, ನಮಗೆ ಬೇಕಾದ ನಿಧಾನದ ಕ್ರಿಮಿಯನ್ನು ಮುಚ್ಚಿಹಾಕುತ್ತವೆ. ವರದಿ 'ಕಂಟ್ಯಾಮಿನೇಟೆಡ್' ಎಂದು ಬರುತ್ತದೆ, ಒಂದು ತಿಂಗಳು ವ್ಯರ್ಥವಾಗುತ್ತದೆ. ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸ್ ತುಂಡುಗಳಿರುವ ಸಣ್ಣ ಡಬ್ಬದಲ್ಲಿಟ್ಟು ತನ್ನಿ. ಮನೆಯಲ್ಲಿ ಕಾಯಬೇಕಾದರೆ ಫ್ರಿಜ್ಜಿನ ಕೆಳಭಾಗದಲ್ಲಿಡಿ, ಫ್ರೀಜರಿನಲ್ಲಿ ಬೇಡ. 24 ಗಂಟೆಯೊಳಗೆ ಲ್ಯಾಬ್ ಸೇರಲಿ. ಸಿರುಗುಪ್ಪದ ಆ ಮಗ ಊಟದ ಕ್ಯಾರಿಯರಿನ ಕೆಳಗಿನ ಬಟ್ಟಲಿಗೆ ಐಸ್ ತುಂಬಿ, ಮೇಲಿನ ಬಟ್ಟಲಿನಲ್ಲಿ ಡಬ್ಬಿ ಇಟ್ಟು ತಂದಿದ್ದ. ಆ ಕ್ಯಾರಿಯರನ್ನು ಮತ್ತೆ ಊಟಕ್ಕೆ ಬಳಸಬೇಡ ಎಂದು ಹೇಳಿದೆ. ಆದರೆ ಅಷ್ಟು ಶ್ರದ್ಧೆಯಿಂದ ತಂದ ಕಫವನ್ನು ನಾನು ಬೇರೆ ಯಾರಲ್ಲೂ ನೋಡಿಲ್ಲ.

ಇಂಥ ಡಬ್ಬಿಗಳು ಮೂರು ಬೇಕು, ಬೇರೆಬೇರೆ ದಿನಗಳದ್ದು. ರೋಗಿಯ ಸ್ಥಿತಿ ಚೆನ್ನಾಗಿದ್ದರೆ ನಡುವೆ ಒಂದೊಂದು ವಾರ ಬಿಡುವುದು ಒಳ್ಳೆಯದು. ಸಾಧ್ಯವಾದರೆ ಅದಕ್ಕೆ ಮೊದಲ ಎರಡು ವಾರ ಅಜಿತ್ರೋಮೈಸಿನ್‌ನಂಥ ಆ್ಯಂಟಿಬಯಾಟಿಕ್ ಕೊಡಬೇಡಿ, ಕ್ರಿಮಿ ಅಡಗಿಕೊಳ್ಳುತ್ತದೆ. ಕಫವೇ ಬಾರದಿದ್ದರೆ ಆಸ್ಪತ್ರೆಯಲ್ಲಿ ಗಾಢ ಉಪ್ಪುನೀರಿನ ನೆಬುಲೈಸೇಶನ್ ಕೊಟ್ಟು ತೆಗೆಯಬಹುದು, ಅದೂ ಆಗದಿದ್ದರೆ ಬ್ರಾಂಕೋಸ್ಕೋಪಿ, ಅಂದರೆ ಶ್ವಾಸನಾಳಕ್ಕೆ ನಳಿಕೆ ಇಳಿಸಿ ತೆಗೆಯುವುದು. ಬ್ರಾಂಕೋಸ್ಕೋಪಿ ಮಾಡುವ ಸಹೋದ್ಯೋಗಿಗಳಿಗೆ ಒಂದು ಮಾತು: ನಳಿಕೆಯನ್ನು ಕೊನೆಯಲ್ಲಿ ನಲ್ಲಿ ನೀರಿನಲ್ಲಿ ತೊಳೆದಿದ್ದರೆ ಆ ವರದಿಯನ್ನು ನಂಬಲಾಗದು.

ಲ್ಯಾಬಿಗೆ ಹೋಗುವ ಫಾರಂ ಮೇಲೆ ನಾನು ಕೈಯಲ್ಲೇ ಬರೆಯುತ್ತೇನೆ: 'ಎನ್‌ಟಿಎಂ ಶಂಕೆ ಇದೆ. ಬೆಳೆದದ್ದನ್ನು ಎಸೆಯಬೇಡಿ. ಪ್ರಭೇದ ಗುರುತಿಸಲು ಕಳಿಸಬೇಕು.' ಈ ಮೂರು ವಾಕ್ಯ ಇಲ್ಲದಿದ್ದರೆ, ಟಿಬಿ ಅಲ್ಲ ಎಂದು ತಿಳಿದ ಕೂಡಲೇ ಟ್ಯೂಬು ಕಸಕ್ಕೆ ಹೋಗುವ ಸಾಧ್ಯತೆ ಇದೆ.

ವರದಿ ಓದುವುದು

ಕಡ್ಡಿ ಕಂಡಿದೆ, ಸಿಬಿನ್ಯಾಟಿನಲ್ಲೂ ಟಿಬಿ ಸಿಕ್ಕಿದೆ: ಅದು ಟಿಬಿ, ಚಿಕಿತ್ಸೆ ಶುರುಮಾಡಿ. ಕಡ್ಡಿ ಕಂಡಿದೆ, ಸಿಬಿನ್ಯಾಟಿನಲ್ಲಿ ಸಿಕ್ಕಿಲ್ಲ: ಹೊಸ ಕಫದಲ್ಲಿ ಮತ್ತೊಮ್ಮೆ ಮಾಡಿಸಿ. ಎರಡನೆಯ ಸಲವೂ ಸಿಗದಿದ್ದರೆ ಎನ್‌ಟಿಎಂ ಎಂಬ ಅನುಮಾನ ಗಟ್ಟಿಯಾಯಿತು. ಇನ್ನೊಂದು ತೊಡಕಿದೆ. ಹಿಂದೆ ಟಿಬಿ ಆಗಿ ಗುಣವಾದವರ ಕಫದಲ್ಲಿ ಸತ್ತ ಕ್ರಿಮಿಯ ಡಿಎನ್ಎ ಉಳಿದಿರಬಹುದು, ಯಂತ್ರ ಅದನ್ನೇ ಹಿಡಿದು 'ಅತ್ಯಲ್ಪ' ಎಂದು ತೋರಿಸಬಹುದು. ಅಂಥವರಲ್ಲಿ ಕಲ್ಚರ್ ಇಲ್ಲದೆ ಮುಂದೆ ಹೋಗಬೇಡಿ. ಟಿಬಿ ಪತ್ತೆಗೆಂದು ಚರ್ಮಕ್ಕೆ ಕೊಡುವ ಮಾಂಟೂ ಚುಚ್ಚುಮದ್ದಿನ ಗುಳ್ಳೆಯನ್ನು ಇಲ್ಲಿ ಸಾಕ್ಷಿಯಾಗಿ ಹಿಡಿಯಬೇಡಿ, ಎನ್‌ಟಿಎಂನಿಂದಲೂ ಅದು ಏಳುತ್ತದೆ.

ದ್ರವ ಕಲ್ಚರಿನ ಯಂತ್ರ 6 ವಾರ ಕಾಯುತ್ತದೆ, ಹಸಿರು ಬಣ್ಣದ ಘನ ಮಾಧ್ಯಮ 8 ವಾರ. ಏನಾದರೂ ಬೆಳೆದರೆ ಲ್ಯಾಬಿನವರು ಒಂದು ಪುಟ್ಟ ಪಟ್ಟಿಯ ಮೇಲೆ ಹನಿ ಹಾಕುತ್ತಾರೆ. ಅದು ಗರ್ಭ ಪರೀಕ್ಷೆಯ ಪಟ್ಟಿಯಂತೆಯೇ. ಎರಡು ಗೆರೆ ಬಂದರೆ ಟಿಬಿ ಗುಂಪು. ಕಡ್ಡಿಗಳಿದ್ದೂ ಒಂದೇ ಗೆರೆ ಬಂದರೆ ಬಹುತೇಕ ಎನ್‌ಟಿಎಂ. ಆದರೆ 'ಎನ್‌ಟಿಎಂ ಬೆಳೆದಿದೆ' ಎಂಬಲ್ಲಿಗೆ ವರದಿ ನಿಂತರೆ ನನ್ನ ಕೈ ಕಟ್ಟಿದಂತೆ. ಅದರೊಳಗೆ ಸುಲಭಕ್ಕೆ ಬಗ್ಗುವುದೂ ಇದೆ, ಯಾವುದಕ್ಕೂ ಬಗ್ಗದ್ದೂ ಇದೆ, ರೋಗವನ್ನೇ ತರದೆ ನೀರಿನಿಂದ ಬಂದು ಕುಳಿತದ್ದೂ ಇದೆ.

ಪ್ರಭೇದ ಗುರುತಿಸಲು ಲೈನ್ ಪ್ರೋಬ್ ಪರೀಕ್ಷೆ, ಜೀನ್ ಸೀಕ್ವೆನ್ಸಿಂಗ್, ಮಾಲ್ಡಿಟಾಫ್ ಯಂತ್ರ ಇವೆ. ಮೊದಲು ಇವೆಲ್ಲ ಇರಲಿಲ್ಲ. 1959ರಲ್ಲಿ ಅರ್ನೆಸ್ಟ್ ರನ್ಯನ್ ಎಂಬ ಅಮೆರಿಕದ ವಿಜ್ಞಾನಿ, ಬೆಳೆಯುವ ವೇಗ ಮತ್ತು ಬಣ್ಣವನ್ನು ನೋಡಿ ಇವುಗಳನ್ನು ನಾಲ್ಕು ಗುಂಪು ಮಾಡಿದ. ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದೂ ಅದೇ ವರ್ಷ. ಕ್ಯಾನ್ಸಸಿ ಎಂಬ ಪ್ರಭೇದವನ್ನು ಕತ್ತಲಲ್ಲಿ ಬೆಳೆಸಿದರೆ ಕೆನೆಬಣ್ಣ, ಬೆಳಕಿಗೆ ಒಡ್ಡಿ ಮತ್ತೆ ಬೆಳೆಯಲು ಬಿಟ್ಟರೆ ನಿಂಬೆಹಣ್ಣಿನ ಹಳದಿ. ಹಿರಿಯ ಟೆಕ್ನಿಶಿಯನ್ ಒಬ್ಬರು ಎರಡು ಟ್ಯೂಬುಗಳನ್ನು ಅಕ್ಕಪಕ್ಕ ಹಿಡಿದು ನನಗೆ ಇದನ್ನು ತೋರಿಸಿದ ದಿನ ಇನ್ನೂ ಕಣ್ಣಮುಂದಿದೆ. ಬೆಂಗಳೂರಿನ ಆ ಸಂಸ್ಥೆ ಮತ್ತು ಚೆನ್ನೈನ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆ ಇಂದು ದೇಶದ ಉಲ್ಲೇಖ ಪ್ರಯೋಗಾಲಯಗಳಾಗಿವೆ. ಮಾದರಿಯನ್ನು ಎಲ್ಲಿಗೆ, ಹೇಗೆ ಕಳಿಸಬೇಕೆಂದು ಜಿಲ್ಲಾ ಕ್ಷಯರೋಗ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ.

ಒಮ್ಮೆ ಬೆಳೆದರೆ ರೋಗವಲ್ಲ

ರೋಗ ಎನ್ನಲು ಮೂರೂ ಕೂಡಿಬರಬೇಕು. ಲಕ್ಷಣ ಇರಬೇಕು. ಎಕ್ಸ್‌ರೇಯಲ್ಲಿ ಗಂಟು ಅಥವಾ ಕುಳಿ ಕಾಣಬೇಕು, ಇಲ್ಲವೇ ತೆಳುಪದರದ ಸಿಟಿ ಸ್ಕ್ಯಾನಿನಲ್ಲಿ ಹಿಗ್ಗಿದ ಶ್ವಾಸನಾಳಗಳ ಜೊತೆಗೆ ಸಣ್ಣ ಸಣ್ಣ ಗಂಟುಗಳು ಇರಬೇಕು. ಅದರ ಮೇಲೆ, ಬೇರೆಬೇರೆ ದಿನದ ಕನಿಷ್ಠ ಎರಡು ಕಫಗಳಲ್ಲಿ ಅದೇ ಪ್ರಭೇದ ಬೆಳೆಯಬೇಕು. ಬ್ರಾಂಕೋಸ್ಕೋಪಿಯಲ್ಲಿ ತೊಳೆದು ತೆಗೆದದ್ದಾದರೆ ಒಂದು ಸಲ ಸಾಕು. ಟಿಬಿ, ಕ್ಯಾನ್ಸರ್, ಫಂಗಸ್ ಇಲ್ಲವೆಂಬುದನ್ನೂ ನೋಡಿಕೊಂಡಿರಬೇಕು.

ನಿವೃತ್ತ ಮೇಷ್ಟರೊಬ್ಬರು ಖಾಸಗಿಯಾಗಿ ಮಾಡಿಸಿದ ಒಂದೇ ಕಲ್ಚರಿನಲ್ಲಿ ಗೋರ್ಡೋನೆ ಎಂಬ ಪ್ರಭೇದ ಬೆಳೆದಿತ್ತು. ಅವರು ರಾತ್ರಿ ನಿದ್ದೆ ಬಿಟ್ಟು ನನ್ನಲ್ಲಿಗೆ ಬಂದರು. ಅದು ನಲ್ಲಿ ನೀರಿನಲ್ಲಿ ಹೇರಳವಾಗಿ ಸಿಗುವ, ರೋಗ ತರುವುದು ತೀರಾ ವಿರಳವಾದ ಕ್ರಿಮಿ. ಕುದಿಸಿದ ನೀರಿನಲ್ಲಿ ಬಾಯಿ ಮುಕ್ಕಳಿಸಿ ಕೊಟ್ಟ ಎರಡು ಕಫಗಳಲ್ಲಿ ಏನೂ ಬೆಳೆಯಲಿಲ್ಲ. ಗುಳಿಗೆ ಒಂದನ್ನೂ ಕೊಡದೆ ಕಳಿಸಿದೆ.

ರೋಗ ಖಚಿತವಾದರೂ ಎಲ್ಲರಿಗೂ ಅಂದೇ ಔಷಧ ಬೇಕಿಲ್ಲ. ಲಕ್ಷಣ ಕಡಿಮೆ, ಕುಳಿ ಇಲ್ಲ, ತೂಕ ನಿಂತಿದೆ ಎಂದರೆ ಕಫ ತೆಗೆಯುವ ವ್ಯಾಯಾಮ ಕಲಿಸಿ, ಕೆಲವು ತಿಂಗಳಿಗೊಮ್ಮೆ ಕಫ ಮತ್ತು ಎಕ್ಸ್‌ರೇ ನೋಡುತ್ತಾ ಕಾಯಬಹುದು. ಆದರೆ ಕುಳಿ ಇದ್ದರೆ, ಅಥವಾ ನೇರ ಸೂಕ್ಷ್ಮದರ್ಶಕದಲ್ಲೇ ಕಡ್ಡಿ ಕಾಣುವಷ್ಟು ಹೊರೆ ಇದ್ದರೆ ಕಾಯಬಾರದು. ಅಮೆರಿಕ ಮತ್ತು ಯುರೋಪಿನ ನಾಲ್ಕು ವೈದ್ಯ ಸಂಘಗಳು 2020ರಲ್ಲಿ ಹೊರತಂದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಚಿಕಿತ್ಸೆಯಲ್ಲಿ ನಾನು ಅನುಸರಿಸುವುದು ಅದನ್ನೇ.

ಸಿರುಗುಪ್ಪದ ತಾಯಿಯ ಮೂರು ಕಫಗಳಲ್ಲಿ ಎರಡರಲ್ಲಿ ಇಂಟ್ರಾಸೆಲ್ಯುಲೇರ್ ಎಂಬ ಪ್ರಭೇದ ಬೆಳೆಯಿತು. ಬಲಗಡೆ ಮೇಲ್ಭಾಗದ ಹಳೆಯ ಟಿಬಿಯ ಗಾಯದಲ್ಲಿ ಕುಳಿ ಇತ್ತು. ಎಚ್‌ಐವಿ ಇರಲಿಲ್ಲ. ಹೆಸರು ಸಿಗಲು ಸುಮಾರು ಎರಡೂವರೆ ತಿಂಗಳು ಹಿಡಿಯಿತು.

ಔಷಧ

ಏವಿಯಂ, ಇಂಟ್ರಾಸೆಲ್ಯುಲೇರ್ ಮತ್ತು ಅವುಗಳ ಹತ್ತಿರದವನ್ನು ಒಟ್ಟಿಗೆ ಮ್ಯಾಕ್ ಗುಂಪು ಎನ್ನುತ್ತಾರೆ. ಇದಕ್ಕೆ ಮೂರು ಔಷಧ ಒಟ್ಟಿಗೆ: ಅಜಿತ್ರೋಮೈಸಿನ್, ರಿಫಾಂಪಿಸಿನ್, ಎಥಾಂಬುಟಾಲ್. ಕುಳಿಯಿಲ್ಲದ ಸೌಮ್ಯ ರೋಗಕ್ಕೆ ವಾರಕ್ಕೆ ಮೂರು ದಿನ ಸಾಕು: ಅಜಿತ್ರೋಮೈಸಿನ್ 500 ಮಿಲಿಗ್ರಾಂ, ರಿಫಾಂಪಿಸಿನ್ 600, ಎಥಾಂಬುಟಾಲ್ ಕಿಲೊಗೆ 25 ಮಿಲಿಗ್ರಾಂ. ಕುಳಿ ಇದ್ದರೆ ದಿನವೂ ಬೇಕು: ಅಜಿತ್ರೋಮೈಸಿನ್ 250ರಿಂದ 500, ರಿಫಾಂಪಿಸಿನ್ 450 ಅಥವಾ 600, ಎಥಾಂಬುಟಾಲ್ ಕಿಲೊಗೆ 15. ಜೊತೆಗೆ ಮೊದಲ 2–3 ತಿಂಗಳು ಅಮಿಕಾಸಿನ್ ಅಥವಾ ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್. ಆ ತಾಯಿಗೆ ಅಜಿತ್ರೋಮೈಸಿನ್ 250, ರಿಫಾಂಪಿಸಿನ್ 450, ಎಥಾಂಬುಟಾಲ್ 600 ಕೊಟ್ಟೆ. ಸೋಮ, ಬುಧ, ಶುಕ್ರ ಅಮಿಕಾಸಿನ್.

ಅಜಿತ್ರೋಮೈಸಿನ್ ಈ ಚಿಕಿತ್ಸೆಯ ಬೆನ್ನೆಲುಬು. ಅದನ್ನು ಒಂಟಿಯಾಗಿ ಕೊಟ್ಟರೆ ಕ್ರಿಮಿ ಅದಕ್ಕೆ ಒಗ್ಗಿಕೊಳ್ಳುತ್ತದೆ, ಆಮೇಲೆ ಗುಣವಾಗುವ ಆಸೆ ಬಹಳ ಕುಗ್ಗುತ್ತದೆ. ಆದ್ದರಿಂದ ಎಥಾಂಬುಟಾಲ್ ಅಂಗಡಿಯಲ್ಲಿ ಸಿಗಲಿಲ್ಲವೆಂದು ಉಳಿದದ್ದನ್ನಷ್ಟೇ ನುಂಗುತ್ತಾ ಇರಬೇಡಿ, ಅಂದೇ ಫೋನ್ ಮಾಡಿ. ಕ್ರಿಮಿ ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಹೇಳುವ ಸಂವೇದನೆಯ ವರದಿಯಲ್ಲಿ ಮ್ಯಾಕ್‌ಗೆ ಮುಖ್ಯವಾಗಿ ನೋಡಬೇಕಾದದ್ದು ಅಜಿತ್ರೋಮೈಸಿನ್ ಗುಂಪಿನದೇ ಆದ ಕ್ಲಾರಿತ್ರೋಮೈಸಿನ್ ಮತ್ತು ಅಮಿಕಾಸಿನ್. ಕ್ಲಾರಿತ್ರೋಮೈಸಿನ್ ಅಂಕಿ 32 ಅಥವಾ ಹೆಚ್ಚಿದ್ದರೆ ಕ್ರಿಮಿ ಆಗಲೇ ಒಗ್ಗಿಕೊಂಡಿದೆ ಎಂದರ್ಥ, ಆಗ ರೋಗಿಯನ್ನು ಅನುಭವವಿರುವ ದೊಡ್ಡ ಕೇಂದ್ರಕ್ಕೆ ಕಳಿಸಿ. 6 ತಿಂಗಳ ಚಿಕಿತ್ಸೆಯ ಮೇಲೂ ಕಲ್ಚರ್ ಪಾಸಿಟಿವ್ ಉಳಿದವರಿಗೆ ಉಸಿರಿನ ಮೂಲಕ ಕೊಡುವ ಲೈಪೋಸೋಮಲ್ ಅಮಿಕಾಸಿನ್ ಇದೆ. ಅಮೆರಿಕದಲ್ಲಿ 2018ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು.

ಕ್ಯಾನ್ಸಸಿ ಒಳ್ಳೆಯ ಸುದ್ದಿ. ಅದರ ಎಕ್ಸ್‌ರೇ ಟಿಬಿಯಂತೆಯೇ ಕಾಣುತ್ತದೆ, ರಿಫಾಂಪಿಸಿನ್‌ಗೆ ಸಾಮಾನ್ಯವಾಗಿ ಬಗ್ಗುತ್ತದೆ. ರಿಫಾಂಪಿಸಿನ್, ಎಥಾಂಬುಟಾಲ್, ಜೊತೆಗೆ ಐಸೋನಿಯಾಜಿಡ್ ಅಥವಾ ಅಜಿತ್ರೋಮೈಸಿನ್, ಕನಿಷ್ಠ 12 ತಿಂಗಳು.

ಅಬ್ಸೆಸಸ್ ಕಷ್ಟದ್ದು. ಇದು ಒಂದು ವಾರದೊಳಗೇ ಬೆಳೆದು ನಿಲ್ಲುತ್ತದೆ, ಟಿಬಿ ಗುಳಿಗೆಗಳು ಇದಕ್ಕೆ ನಾಟುವುದೇ ಇಲ್ಲ. ಇದರಲ್ಲಿ ಇಆರ್‌ಎಂ-41 ಎಂಬ ಜೀನ್ ಕೆಲಸ ಮಾಡುತ್ತಿದ್ದರೆ ಮೊದಲ ದಿನಗಳ ಪರೀಕ್ಷೆಯಲ್ಲಿ ಅಜಿತ್ರೋಮೈಸಿನ್ ಗುಂಪು ಪರಿಣಾಮಕಾರಿ ಎಂದು ಕಂಡು, 14ನೆಯ ದಿನಕ್ಕೆ ವಿಫಲವಾಗುತ್ತದೆ. ಆದ್ದರಿಂದ ಲ್ಯಾಬಿಗೆ 14 ದಿನದ ಓದು ಬೇಕೆಂದು ಹೇಳಿ. ಮ್ಯಾಸಿಲಿಯೆನ್ಸ್ ಎಂಬ ಉಪಪ್ರಭೇದದಲ್ಲಿ ಆ ಜೀನ್ ಮುರಿದಿರುತ್ತದೆ, ಅದು ತಗುಲಿದ ರೋಗಿಗಳ ಗತಿ ಎಷ್ಟೋ ಉತ್ತಮ. ಅಮಿಕಾಸಿನ್, ಇಮಿಪೆನೆಮ್ ಅಥವಾ ಸೆಫಾಕ್ಸಿಟಿನ್, ಟೈಜಿಸೈಕ್ಲಿನ್ ರಕ್ತನಾಳಕ್ಕೆ. ಕ್ಲೋಫಾಜಿಮಿನ್, ಲಿನೆಜೋಲಿಡ್ ಬಾಯಿಗೆ. ಇದನ್ನು ಸಣ್ಣ ಕ್ಲಿನಿಕ್ಕಿನಲ್ಲಿ ಒಬ್ಬರೇ ನಿಭಾಯಿಸಲು ಹೋಗಬೇಡಿ, ನಾನೂ ಹೋಗುವುದಿಲ್ಲ. ಒಂದೇ ಕಡೆ ಸೀಮಿತವಾದ ರೋಗಕ್ಕೆ ಶಸ್ತ್ರಚಿಕಿತ್ಸೆ ಕೂಡ ಒಂದು ದಾರಿ.

ಕಣ್ಣು, ಕಿವಿ, ಯಕೃತ್ತು

ಎಥಾಂಬುಟಾಲ್ ಕಣ್ಣಿನ ನರಕ್ಕೆ ತಾಗಬಹುದು, ಮೊದಲು ಕೆಡುವುದು ಹಲವು ಸಲ ಕೆಂಪು–ಹಸಿರಿನ ಗುರುತು. ಚಿಕಿತ್ಸೆಗೆ ಮುನ್ನ ಕಣ್ಣಿನ ಪರೀಕ್ಷೆ, ಆಮೇಲೆ ತಿಂಗಳಿಗೊಮ್ಮೆ ಬಣ್ಣದ ಚುಕ್ಕಿಗಳ ಪುಸ್ತಕ ಮತ್ತು ಅಕ್ಷರ ಫಲಕ. ಮನೆಯಲ್ಲಿ ಮಾಡಲು ನಾನೊಂದು ಕೆಲಸ ಹೇಳಿಕೊಡುತ್ತೇನೆ. ಪ್ರತಿ ಸೋಮವಾರ ಬೆಳಕಿನಲ್ಲಿ ಕುಳಿತು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಹಸಿರು ಬಳೆ ಮತ್ತು ಕುಂಕುಮದ ಡಬ್ಬಿಯನ್ನು ನೋಡಿ. ಇನ್ನೊಂದು ಕಣ್ಣಿಗೂ ಹಾಗೆಯೇ. ಕುಂಕುಮ ಮಾಸಿದಂತೆ, ಕಂದಿದಂತೆ ಕಂಡರೆ ಎಥಾಂಬುಟಾಲನ್ನು ನಿಲ್ಲಿಸಿ, ಅಂದೇ ಬನ್ನಿ. ಉಳಿದ ಗುಳಿಗೆಗಳ ಬಗ್ಗೆ ಆ ದಿನವೇ ತೀರ್ಮಾನಿಸೋಣ. ತಡವಾದರೆ ದೃಷ್ಟಿ ಪೂರ್ತಿ ಮರಳದಿರಬಹುದು.

ಅಮಿಕಾಸಿನ್ ಕಿವಿ ಮತ್ತು ಮೂತ್ರಪಿಂಡಕ್ಕೆ ತಾಗಬಹುದು. ಕಿವಿಯಲ್ಲಿ ಗುಂಯ್‌ಗುಡುವುದು, ನಡೆಯುವಾಗ ಓಲಾಡುವುದು ಶುರುವಾದರೆ ಮುಂದಿನ ಇಂಜೆಕ್ಷನ್ ಹಾಕಿಸಿಕೊಳ್ಳುವ ಮೊದಲು ಹೇಳಿ. ಶ್ರವಣ ಪರೀಕ್ಷೆ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯನ್ನು ಮೊದಲೊಮ್ಮೆ, ಆಮೇಲೆ ನಿಯಮಿತವಾಗಿ ಮಾಡಿಸಿ. ಅಜಿತ್ರೋಮೈಸಿನ್‌ಗೆ ಮುಂಚೆ ಒಂದು ಇಸಿಜಿ. ರಿಫಾಂಪಿಸಿನ್ ಮೂತ್ರವನ್ನು ಕಿತ್ತಳೆ ಮಾಡುತ್ತದೆ, ಅದಕ್ಕೆ ಹೆದರಬೇಡಿ. ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿಯಾದರೆ ಮಾತ್ರ ಓಡಿ ಬನ್ನಿ. ರಿಫಾಂಪಿಸಿನ್ ಇತರ ಎಷ್ಟೋ ಔಷಧಗಳ ಬಲ ಕುಗ್ಗಿಸುತ್ತದೆ: ಕೆಲವು ಸಕ್ಕರೆ ಗುಳಿಗೆ, ರಕ್ತ ತೆಳುವಾಗಿಸುವ ವಾರ್ಫರಿನ್, ಗರ್ಭನಿರೋಧಕ ಗುಳಿಗೆ, ಎಚ್‌ಐವಿಯ ಡೊಲುಟೆಗ್ರಾವಿರ್. ನೀವು ನುಂಗುವ ಪ್ರತಿಯೊಂದನ್ನೂ ವೈದ್ಯರ ಮುಂದೆ ಇಡಿ. ಕ್ಲೋಫಾಜಿಮಿನ್ ಚರ್ಮವನ್ನು ಕಪ್ಪಾಗಿಸುತ್ತದೆ, ಇದನ್ನು ಮೊದಲೇ ಹೇಳದಿದ್ದರೆ ಹೆಣ್ಣುಮಕ್ಕಳು ಗುಳಿಗೆ ಬಿಟ್ಟುಬಿಡುತ್ತಾರೆ.

ಗುಳಿಗೆಯಾಚೆ

ಕಫ ಒಳಗೆ ನಿಂತರೆ ಔಷಧ ಸೋಲುತ್ತದೆ. ಬೆಳಿಗ್ಗೆ ಮತ್ತು ಸಂಜೆ 15 ನಿಮಿಷ: ನಾಲ್ಕೈದು ಆಳವಾದ ಉಸಿರು, ಆಮೇಲೆ ಬಾಯಿ ತೆರೆದು, ಕನ್ನಡಿಯ ಮೇಲೆ ಹಬೆ ಊದುವಂತೆ 'ಹಾ' ಎಂದು ಬಲವಾಗಿ ಉಸಿರು ಬಿಡುವುದು, ಕೊನೆಯಲ್ಲಿ ಒಂದು ಕೆಮ್ಮು. ನೆಬುಲೈಸರ್ ಇದ್ದರೆ ಅದರ ಕಪ್ಪು, ಮಾಸ್ಕನ್ನು ನಲ್ಲಿ ನೀರಿನಲ್ಲಿ ತೊಳೆದು ಹಾಗೇ ಬಿಡಬೇಡಿ. ಕುದಿಯಲು ಯೋಗ್ಯವಾದ ಭಾಗಗಳನ್ನು ಕುದಿಸಿ, ಒಣಗಿಸಿ ಇಡಿ. ಟ್ಯಾಂಕನ್ನು ತಿಕ್ಕಿ ತೊಳೆಯುವ ಕೆಲಸ, ಒಣ ಮಣ್ಣು ಗೊಬ್ಬರ ಕೆದಕುವ ಕೆಲಸ ಮನೆಯ ಬೇರೆಯವರು ಮಾಡಲಿ. ಶವರಿಗಿಂತ ಬಕೆಟ್ಟಿನ ಸ್ನಾನ ಮೇಲು.

ತೂಕ ಏರಬೇಕು. ಜೋಳದ ರೊಟ್ಟಿ ಬಿಡಬೇಡಿ, ಆದರೆ ಅದರ ಜೊತೆ ಶೇಂಗಾ ಚಟ್ನಿ, ಗಟ್ಟಿ ಬೇಳೆ, ತಿನ್ನುವವರಾದರೆ ದಿನಕ್ಕೆ ಎರಡು ಮೊಟ್ಟೆ ಇರಲಿ. ರಿಫಾಂಪಿಸಿನ್ ಖಾಲಿ ಹೊಟ್ಟೆಗೆ, ಊಟ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು. ಬೀಡಿ ಬಿಡಲೇಬೇಕು. ಈ ಗುಳಿಗೆಗಳ ಖರ್ಚು ಹೆಚ್ಚಾಗಿ ಮನೆಯ ಮೇಲೇ ಬೀಳುತ್ತದೆ. ಜನೌಷಧಿ ಕೇಂದ್ರದಲ್ಲಿ ಅಜಿತ್ರೋಮೈಸಿನ್ ಕಡಿಮೆ ಬೆಲೆಗೆ ಸಿಗುತ್ತದೆ, ಕೇಳಿ ನೋಡಿ.

ಎಲ್ಲಿಯವರೆಗೆ

ತಿಂಗಳಿಗೊಮ್ಮೆ ಅಥವಾ ಎರಡು ತಿಂಗಳಿಗೊಮ್ಮೆ ಕಫದ ಕಲ್ಚರ್. ಕನಿಷ್ಠ 4 ವಾರಗಳ ಅಂತರದಲ್ಲಿ ತೆಗೆದ ಮೂರು ಕಲ್ಚರುಗಳು ಸಾಲಾಗಿ ನೆಗೆಟಿವ್ ಬಂದರೆ, ಅವುಗಳಲ್ಲಿ ಮೊದಲನೆಯದರ ತಾರೀಖಿನಿಂದ ಎಣಿಕೆ ಶುರು. ಮ್ಯಾಕ್‌ಗೆ ಅಲ್ಲಿಂದ 12 ತಿಂಗಳು. ಗುಳಿಗೆ ಆರಂಭಿಸಿದ ದಿನದಿಂದ ಅಲ್ಲ. ಈ ಒಂದು ತಪ್ಪಿನಿಂದ ಎಷ್ಟೋ ಜನ ನಡುವೆಯೇ ಬಿಡುತ್ತಾರೆ. ಆದ್ದರಿಂದ ಎಣಿಕೆ ಶುರುವಾದ ತಾರೀಖನ್ನು ಫೈಲಿನ ಮುಖಪುಟದ ಮೇಲೆ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ.

ಸಿರುಗುಪ್ಪದ ತಾಯಿಯ ಮೊದಲ ನೆಗೆಟಿವ್ ಐದನೆಯ ತಿಂಗಳಲ್ಲಿ ಬಂತು. ಎರಡನೆಯ ತಿಂಗಳಲ್ಲಿ ಕಿವಿ ಗುಂಯ್‌ಗುಟ್ಟಿತೆಂದು ಅಮಿಕಾಸಿನ್ ನಿಲ್ಲಿಸಬೇಕಾಗಿತ್ತು. ಒಟ್ಟು 17 ತಿಂಗಳು ಗುಳಿಗೆ. ಮುಗಿದ ದಿನ ತೂಕ 44 ಕಿಲೊ. ನಿಲ್ಲಿಸಿದ ಮೇಲೂ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಕಫ ಕೊಡಬೇಕೆಂದು ಹೇಳಿದ್ದೇನೆ. ಗುಣವಾದವರಿಗೂ ಮಣ್ಣು ನೀರಿನಿಂದ ಹೊಸದಾಗಿ ತಗುಲುವುದುಂಟು. ಹಾಗಾದಾಗ ಹಳೆಯ ಚೀಟಿಯ ಗುಳಿಗೆಯನ್ನೇ ಮತ್ತೆ ತಂದು ನುಂಗಬಾರದು. ಹೊಸ ಕಫದಲ್ಲಿ ಹೆಸರನ್ನು ಮೊದಲಿನಿಂದ ಕೇಳಬೇಕು. ಕಳೆದ ಸಲ ಡಬ್ಬಿ ತಂದಾಗ ಅವರ ಜೊತೆ ಮೊಮ್ಮಗ ಬಂದಿದ್ದ. ಐಸ್ ಡಬ್ಬವನ್ನು ಅವನೇ ಹಿಡಿದುಕೊಂಡಿದ್ದ.